ಚರಿತ್ರೆಯ ವಸ್ತುಸಂಗ್ರಹಾಲಯದಲ್ಲಿ ಪಾಠಾಂತರದ ಪ್ರಶ್ನೆ: ಸಿನ್ನರನ್ನು ಮುಂದಿಟ್ಟುಕೊಂಡು

೧

ಪ್ರಾಚೀನ ಕಾವ್ಯವೊಂದರ ಸಂಪಾದಿತ ಆವೃತ್ತಿ ಹೊರಬಂದಾಗ ಅದರ ಬೆಲೆ ಕಟ್ಟಲು ನಮ್ಮಲ್ಲಿ ಒಂದು ಕ್ರಮವಿದೆ. ಸಂಪಾದಕರು ಎಷ್ಟು ಪ್ರತಿಗಳನ್ನು ನೋಡಿದ್ದಾರೆ, ಯಾವ ಪಾಠವನ್ನು ಯಾವ ಕಾರಣಕ್ಕೆ ಸ್ವೀಕರಿಸಿದ್ದಾರೆ, ಬಿಟ್ಟ ಪಾಠಗಳನ್ನು ಅಡಿಯಲ್ಲಿ ಕೊಟ್ಟಿದ್ದಾರೆಯೆ, ಗರಿ ಮುರಿದ ಎಡೆಯಲ್ಲಿ ತಾವು ತುಂಬಿದ ಅಕ್ಷರಗಳನ್ನು ಆವರಣದಲ್ಲಿಟ್ಟು ತೋರಿಸಿದ್ದಾರೆಯೆ ಎಂದು ಕೇಳುತ್ತೇವೆ. ಡಿ.ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥ ಸಂಪಾದನೆ’ಯನ್ನು ಓದಿ ಬೆಳೆದ ತಲೆಮಾರಿಗೆ ಈ ಪ್ರಶ್ನೆಗಳು ತಾವಾಗಿಯೇ ಏಳುತ್ತವೆ. ಚರಿತ್ರೆಯ ವಸ್ತುಸಂಗ್ರಹಾಲಯಗಳಲ್ಲಿ ಕಳೆದ ಎರಡು ದಶಕಗಳಿಂದ ಹೆಚ್ಚುತ್ತಿರುವ ಡಿಜಿಟಲ್ ಪ್ರದರ್ಶನಗಳ ವಿಷಯದಲ್ಲಿ ಮಾತ್ರ ಇಂಥ ಕ್ರಮ ನಮ್ಮಲ್ಲಿ ಇನ್ನೂ ಬೆಳೆದಿಲ್ಲ. ಪರದೆಯ ಅಳತೆ, ಚಿತ್ರದ ಸ್ಪಷ್ಟತೆ, ನೋಡುಗನ ಬೆರಗು ಇವುಗಳ ವರ್ಣನೆಯೇ ವಿಮರ್ಶೆಯ ಸ್ಥಾನವನ್ನು ಹಿಡಿದಿದೆ.

ನೋಡುಗನು ಕೈಯಿಂದ ಮುಟ್ಟಿ, ಸರಿಸಿ, ಆಯ್ದು ಮುಂದುವರಿಯುವ ಬಗೆಯ ಪ್ರದರ್ಶನವನ್ನು ಇಲ್ಲಿ ‘ಸಂವಾದಿ ಪ್ರದರ್ಶನ’ ಎಂದು ಕರೆಯೋಣ. ಸಂವಾದವೆಂದರೆ ಎರಡು ಪಕ್ಷಗಳ ಮಾತು. ಗುಂಡಿ ಒತ್ತಿದ ಕೂಡಲೇ ಮೊದಲೇ ಸಿದ್ಧವಾದ ಒಂದೇ ಕಥೆ ಹೊರಬರುವುದಾದರೆ ಅಲ್ಲಿ ಸಂವಾದದ ಹೆಸರಿದೆಯೇ ಹೊರತು ಸಂವಾದವಿಲ್ಲ. ಇಂಥ ಪ್ರದರ್ಶನವನ್ನು ಗ್ರಂಥಸಂಪಾದನೆಯ ಅಳತೆಗೋಲಿನಿಂದಲೇ ಅಳೆಯಬೇಕು ಎಂಬುದು ಪ್ರಸ್ತುತ ಲೇಖನದ ಪ್ರತಿಪಾದನೆ. ಅದನ್ನು ಪರೀಕ್ಷಿಸಲು ಮಹಾರಾಷ್ಟ್ರದ ನಾಸಿಕ ಜಿಲ್ಲೆಯ ಸಿನ್ನರನ್ನು ಆರಿಸಿಕೊಂಡಿದ್ದೇವೆ. ಕನ್ನಡ, ಮರಾಠಿ, ಸಂಸ್ಕೃತಗಳು ಕೂಡುವ ಸೇವುಣ ಚರಿತ್ರೆಯ ಆರಂಭ ಈ ಊರಿನ ಆಸುಪಾಸಿನಲ್ಲಿದೆ. ಅದನ್ನು ಪ್ರದರ್ಶನಕ್ಕೆ ಇಳಿಸುವವರು ಎದುರಿಸಬೇಕಾದ ತೊಡಕುಗಳು ರಾಜ್ಯದ ಹೊರಗಿದ್ದು ಕನ್ನಡ ಸಂಶೋಧನೆ ನಡೆಸುತ್ತಿರುವವರಿಗೆ ಅಪರಿಚಿತವಲ್ಲ.

೨

ಸಿನ್ನರು ನಾಸಿಕದಿಂದ ಪುಣೆಯ ದಾರಿಯಲ್ಲಿ ಸುಮಾರು ೩೦ ಕಿಲೋಮೀಟರ್ ದೂರದಲ್ಲಿದೆ. ಊರಿನ ಗೊಂದೇಶ್ವರ ದೇವಾಲಯವು ಭೂಮಿಜ ಶೈಲಿಯ ಶಿಖರವುಳ್ಳ ಪಂಚಾಯತನ. ಎತ್ತರದ ಜಗತಿಯ ನಡುವೆ ಶಿವನ ಗುಡಿ, ನಾಲ್ಕು ಮೂಲೆಗಳಲ್ಲಿ ಪರಿವಾರ ದೇವತೆಗಳ ಗುಡಿಗಳು, ಎದುರಿಗೆ ನಂದಿ ಮಂಟಪ. ಗೋವಿಂದನೆಂಬಾತ ಕಟ್ಟಿಸಿದನೆಂಬ ಐತಿಹ್ಯವುಂಟು. ನಿರ್ಮಾಣ ಕಾಲವನ್ನು ೧೧ರಿಂದ ೧೨ನೆಯ ಶತಮಾನದವರೆಗೆ ವಿದ್ವಾಂಸರು ಬೇರೆ ಬೇರೆಯಾಗಿ ಇಟ್ಟಿದ್ದಾರೆ. ಇದೇ ಊರಿನ ಕೈಗಾರಿಕಾ ವಲಯದಲ್ಲಿ ‘ಗಾರ್ಗೋಟಿ’ ಎಂಬ ಖನಿಜ ವಸ್ತುಸಂಗ್ರಹಾಲಯವಿದೆ. ದಖ್ಖನಿನ ಬಸಾಲ್ಟ್ ಪದರಗಳ ಪೊಳ್ಳುಗಳಲ್ಲಿ ರೂಪುಗೊಂಡ ಜಿಯೊಲೈಟ್ ಮೊದಲಾದ ಸ್ಫಟಿಕಗಳು ಅಲ್ಲಿನ ಮುಖ್ಯ ಸಂಗ್ರಹ. ಸುಮಾರು ೬ ಕೋಟಿ ೬೦ ಲಕ್ಷ ವರ್ಷಗಳ ಹಿಂದಿನ ಶಿಲಾಪ್ರವಾಹದ ಕಥೆಯನ್ನು ಕೇಳಬಯಸುವವರಿಗೆ ಸಿನ್ನರಿನಲ್ಲಿ ಒಂದು ಮನೆಯುಂಟು. ಅದೇ ಕರಿಗಲ್ಲಿನಿಂದ ಗುಡಿ ಕಟ್ಟಿದವರ ಕಥೆಯನ್ನು ಕೂಡ ಯಾರಾದರೂ ಹೇಳಲು ತೊಡಗಿದರೆ ಅದರ ಸ್ವರೂಪ ಹೇಗಿರಬೇಕು?

ಖನಿಜ ಸಂಗ್ರಹಾಲಯಕ್ಕೂ ಚರಿತ್ರೆಯ ಸಂಗ್ರಹಾಲಯಕ್ಕೂ ಇರುವ ವ್ಯತ್ಯಾಸವನ್ನು ಇಲ್ಲಿ ಗಮನಿಸಬೇಕು. ಸ್ಫಟಿಕದ ಪಕ್ಕದಲ್ಲಿ ಅದರ ಹೆಸರು, ರಾಸಾಯನಿಕ ರಚನೆ, ದೊರೆತ ಸ್ಥಳ ಇವನ್ನು ಬರೆದಿಟ್ಟರೆ ಬಹುಮಟ್ಟಿಗೆ ಕೆಲಸ ಮುಗಿಯಿತು. ಸೇವುಣರ ವಿಷಯದಲ್ಲಿ ಹೆಸರು, ರಾಜಧಾನಿ, ಭಾಷೆ ಮೂರೂ ಚರ್ಚೆಯಲ್ಲಿವೆ.

೧೩ನೆಯ ಶತಮಾನದ ಉತ್ತರಾರ್ಧದಲ್ಲಿ ದೇವಗಿರಿಯ ಆಸ್ಥಾನದಲ್ಲಿದ್ದ ಹೇಮಾದ್ರಿಯು ತನ್ನ ‘ವ್ರತಖಂಡ’ದ ರಾಜಪ್ರಶಸ್ತಿಯಲ್ಲಿ ವಂಶಾವಳಿಯನ್ನು ಪುರಾಣದ ಯಾದವರಿಂದ ತಂದು, ದೃಢಪ್ರಹಾರನ ರಾಜಧಾನಿಯನ್ನು ಶ್ರೀನಗರವೆಂದು ಕರೆಯುತ್ತಾನೆ. ಹೇಮಾದ್ರಿಗಿಂತ ಹಳೆಯ ದಾನಪತ್ರದ ಪ್ರಕಾರ ಅದು ಚಂದ್ರಾದಿತ್ಯಪುರ. ಇದನ್ನು ನಾಸಿಕ ಜಿಲ್ಲೆಯದೇ ಆದ ಚಾಂದವಡದೊಂದಿಗೆ ಗುರುತಿಸುತ್ತಾರೆ. ದೃಢಪ್ರಹಾರನ ಮಗ ಸೇವುಣಚಂದ್ರನು ಸೇವುಣಪುರವನ್ನು ನೆಲೆಗೊಳಿಸಿದನೆಂದೂ ಅದು ಸಿನ್ನರೇ ಇರಬಹುದೆಂದೂ ಒಂದು ಪಕ್ಷ. ಆರ್.ಜಿ. ಭಾಂಡಾರಕರರು ೧೮೮೪ರಲ್ಲಿ ದಖ್ಖನಿನ ಪ್ರಾಚೀನ ಚರಿತ್ರೆಯನ್ನು ಪ್ರಕಟಿಸಿದಾಗ ಹೇಮಾದ್ರಿಯ ಪ್ರಶಸ್ತಿಯನ್ನು ಹಸ್ತಪ್ರತಿಗಳಿಂದ ಸಂಪಾದಿಸಿ ಅನುಬಂಧವಾಗಿ ಕೊಟ್ಟರು, ತಾಮ್ರಪಟಗಳೊಂದಿಗೆ ಹೋಲಿಸಿ ಭೇದಗಳನ್ನು ತೋರಿಸಿದರು. ಇಮ್ಮಡಿ ಭಿಲ್ಲಮನ ಶಕ ೯೨೨ರ, ಎಂದರೆ ಕ್ರಿ.ಶ. ೧೦೦೦ದ ಸಂಗಮನೇರ ತಾಮ್ರಪಟ, ಇಮ್ಮಡಿ ಸೇವುಣಚಂದ್ರನ ಶಕ ೯೯೧ರ, ಎಂದರೆ ಕ್ರಿ.ಶ. ೧೦೬೯ರ ವಸಈ ತಾಮ್ರಪಟ ಇವು ಇಂಥ ಹೋಲಿಕೆಗೆ ಒದಗುವ ಮುಖ್ಯ ದಾಖಲೆಗಳು.

ಭಾಷೆಯ ಪ್ರಶ್ನೆ ಇದಕ್ಕಿಂತ ಸೂಕ್ಷ್ಮವಾದುದು. ಮೇಲಿನ ತಾಮ್ರಪಟಗಳು ಸಂಸ್ಕೃತದಲ್ಲಿವೆ. ಐದನೆಯ ಭಿಲ್ಲಮನು ಸುಮಾರು ೧೧೮೭ರಲ್ಲಿ ಕಲ್ಯಾಣದ ಚಾಲುಕ್ಯರ ಅಧೀನತೆಯನ್ನು ಕಳಚಿಕೊಂಡ ಮೇಲೆ, ಅದರಲ್ಲಿಯೂ ಸಿಂಘಣನ ಕಾಲದಲ್ಲಿ ರಾಜ್ಯ ದಕ್ಷಿಣಕ್ಕೆ ಹರಡಿದ ಮೇಲೆ, ಕನ್ನಡ ಶಾಸನಗಳು ಹೇರಳವಾಗಿ ದೊರೆಯುತ್ತವೆ. ಶಾರ್ಙ್ಗದೇವನು ಸಿಂಘಣನ ಆಶ್ರಯದಲ್ಲಿ ‘ಸಂಗೀತರತ್ನಾಕರ’ವನ್ನು ಸಂಸ್ಕೃತದಲ್ಲಿ ಬರೆದನು. ಜ್ಞಾನದೇವನು ೧೨೯೦ರಲ್ಲಿ ಮರಾಠಿಯಲ್ಲಿ ಗೀತೆಯ ವ್ಯಾಖ್ಯಾನವನ್ನು ಮುಗಿಸಿ ರಾಮಚಂದ್ರನ ಆಳ್ವಿಕೆಯನ್ನು ನೆನೆದನು. ಪಂಢರಪುರದ ವಿಠಲನ ಭಕ್ತನಾದ ಚೌಂಡರಸನು ಸುಮಾರು ೧೩೦೦ರಲ್ಲಿ ದಶಕುಮಾರರ ಕಥೆಯನ್ನು ಕನ್ನಡದಲ್ಲಿ ಚಂಪುವಾಗಿ ರಚಿಸಿದನು. ಸೇವುಣರ ಕುಲ ಮೂಲತಃ ಕನ್ನಡ ಸೀಮೆಯದಾಗಿದ್ದು ಉತ್ತರಕ್ಕೆ ಸರಿಯಿತೆಂದು ಶ್ರೀನಿವಾಸ ರಿತ್ತಿಯವರು ೧೯೭೩ರ ತಮ್ಮ ಗ್ರಂಥದಲ್ಲಿ ವಾದಿಸಿದ್ದಾರೆ. ಅವರು ಮರಾಠರೇ ಎಂಬ ಪಕ್ಷವನ್ನು ಹಿಡಿದ ಇತಿಹಾಸಕಾರರೂ ಇದ್ದಾರೆ.

ಇಂಥ ಸಾಮಗ್ರಿಯನ್ನು ಹತ್ತು ನಿಮಿಷದ ದೃಶ್ಯಾವಳಿಯಾಗಿಸಲು ಹೊರಟವರ ಮುಂದಿರುವ ಸುಲಭದ ದಾರಿ ಯಾವುದೆಂದು ಊಹಿಸುವುದು ಕಷ್ಟವಲ್ಲ. ಒಬ್ಬ ಮೂಲಪುರುಷ, ಒಂದು ರಾಜಧಾನಿ, ಒಂದು ಭಾಷೆ, ಕೊನೆಗೆ ಖಿಲ್ಜಿಯ ಸೈನ್ಯ. ಹೇಮಾದ್ರಿಯ ಪ್ರಶಸ್ತಿಗೆ ಈ ನೇರ ಕಥನ ಸರಿಹೊಂದುತ್ತದೆ, ತಾಮ್ರಪಟಗಳಿಗೆ ಹೊಂದುವುದಿಲ್ಲ. ಮಹಾರಾಷ್ಟ್ರವು ೨೦೦೪ರಲ್ಲಿ ಗಡಿಯ ಪ್ರಶ್ನೆಯನ್ನು ಸರ್ವೋಚ್ಚ ನ್ಯಾಯಾಲಯಕ್ಕೆ ಒಯ್ದ ಬಳಿಕ ಎರಡೂ ಕಡೆಗಳಲ್ಲಿ ಮಧ್ಯಕಾಲದ ರಾಜವಂಶಗಳನ್ನು ಸಾಕ್ಷಿಕಟ್ಟೆಗೆ ಎಳೆಯುವ ಉತ್ಸಾಹ ತಗ್ಗಿಲ್ಲ. ವಿದ್ವತ್ ಲೇಖನದ ಒಂದು ಅತಿ ಮಾತನ್ನು ಮುಂದಿನ ಸಂಚಿಕೆಯಲ್ಲಿ ಇನ್ನೊಬ್ಬರು ತಿದ್ದಬಹುದು. ಶಾಲೆಯ ಮಕ್ಕಳು ಸಾಲುಗಟ್ಟಿ ನೋಡುವ ಪರದೆಯ ಮಾತಿಗೆ ಅಂಥ ಮರುತ್ತರವಿಲ್ಲ.

೩

ಕನ್ನಡ ನಾಡಿನಲ್ಲಿ ಈಗಾಗಲೇ ನಡೆದ ಮೂರು ಪ್ರಯತ್ನಗಳನ್ನು ಈ ಹಿನ್ನೆಲೆಯಲ್ಲಿ ಪರಿಶೀಲಿಸಬಹುದು.

ಮೊದಲನೆಯದು ಸಾರಾ ಕೆಂಡರ್ಡೈನ್ ಮತ್ತು ಜೆಫ್ರಿ ಶಾ ಅವರು ೨೦೦೬ರಲ್ಲಿ ರೂಪಿಸಿದ ‘ಪ್ಲೇಸ್-ಹಂಪಿ’. ಇದನ್ನು ಮುಂದೆ ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನ ಕಲಾಧಾಮದಲ್ಲಿ ನೆಲೆಗೊಳಿಸಲಾಯಿತು. ನೋಡುಗನು ನಡುವಿನ ತಿರುಗುವ ವೇದಿಕೆಯ ಮೇಲೆ ನಿಂತು ಸುತ್ತಲಿನ ದುಂಡು ಪರದೆಯಲ್ಲಿ ಹಂಪಿಯ ಬಂಡೆಗಳ ನಡುವೆ ದಿಕ್ಕನ್ನು ತಾನೇ ಆರಿಸಿಕೊಂಡು ಸಾಗುತ್ತಾನೆ. ಆಳ ತೋರುವ ಛಾಯಾಚಿತ್ರಗಳೊಳಗೆ ಪ್ರವೇಶಿಸುತ್ತಾನೆ. ಕೆಲವೆಡೆ ಪುರಾಣದ ಪಾತ್ರಗಳು ಜೀವಂತವಾಗಿ ಚಲಿಸುತ್ತವೆ. ಹಂಪಿಯನ್ನು ಕೇವಲ ಹಾಳೂರೆಂದು ಕಾಣದೆ ಇಂದಿಗೂ ಯಾತ್ರಿಕರು ನಡೆಯುವ ಕಿಷ್ಕಿಂಧೆಯೆಂದು ಕಂಡುದು ಈ ಕೃತಿಯ ದೊಡ್ಡ ಗುಣ. ದಾರಿಯನ್ನು ನೋಡುಗನಿಗೇ ಬಿಟ್ಟಿರುವುದರಿಂದ ಒಂದೇ ಕಥೆಯ ಒತ್ತಾಯವೂ ಇಲ್ಲ. ಆದರೂ ಇದು ನೋಟದ ಕೃತಿ, ಓದಿನ ಕೃತಿಯಲ್ಲ. ಕಂಡದ್ದನ್ನು ಪ್ರಶ್ನಿಸುವ ಅವಕಾಶವನ್ನು ಇದರಲ್ಲಿ ಅಪೇಕ್ಷಿಸುವುದು ತರವಲ್ಲ, ಏಕೆಂದರೆ ಕೃತಿ ಅದನ್ನು ತನ್ನ ಗುರಿಯೆಂದು ಇಟ್ಟುಕೊಂಡಿಲ್ಲ. ಇದರ ಯಶಸ್ಸನ್ನು ಕಂಡು ಎಲ್ಲ ಚರಿತ್ರೆಯ ಸಂಗ್ರಹಾಲಯಗಳೂ ಇದೇ ಮಾದರಿಯನ್ನು ಹಿಡಿದರೆ ಮಾತ್ರ ತೊಂದರೆ. ಹಂಪಿಯ ಪುರಾಣ ಅಲ್ಲಿನ ಜನಜೀವನದಲ್ಲಿ ಉಸಿರಾಡುತ್ತಿದೆ. ಸಿನ್ನರಿನ ಸೇವುಣರನ್ನು ಹಾಗೆ ಕುಣಿಸಿದರೆ ಕಾಣುವುದು ನೆನಪಲ್ಲ, ಚಿತ್ರಕಾರರು ಹೊಸದಾಗಿ ಕಟ್ಟಿದ ಪುರಾಣ.

ಎರಡನೆಯದು ಕೇಂದ್ರ ಸರ್ಕಾರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ಭಾರತೀಯ ಡಿಜಿಟಲ್ ಪರಂಪರೆ ಯೋಜನೆಯಲ್ಲಿ ನಡೆದ ಹಂಪಿಯ ಕೆಲಸ. ದಿಲ್ಲಿಯ ಐಐಟಿ ಮೊದಲುಗೊಂಡು ಹಲವು ಸಂಸ್ಥೆಗಳು ಕೂಡಿ ಮಾಡಿದ ಈ ಕೆಲಸದ ಫಲಿತಗಳು ‘ಡಿಜಿಟಲ್ ಹಂಪಿ’ ಎಂಬ ಸಂಪುಟವಾಗಿ ೨೦೧೭ರಲ್ಲಿ ಹೊರಬಂದವು. ಭಗ್ನವಾದ ಕಟ್ಟಡಗಳನ್ನು ಗಣಕದಲ್ಲಿ ಪೂರ್ಣಗೊಳಿಸಿ ತೋರಿಸುವುದು ಇಂಥ ಯೋಜನೆಗಳ ಒಂದು ಮುಖ್ಯ ಅಂಗ. ನಮ್ಮ ಅಳತೆಗೋಲು ಹೆಚ್ಚು ಪ್ರಯೋಜನಕ್ಕೆ ಬರುವುದು ಇಲ್ಲಿಯೇ. ಮುರಿದ ಶಿಖರವೊಂದನ್ನು ತುಂಬುವುದು ತ್ರುಟಿತ ಪದ್ಯವನ್ನು ತುಂಬಿದಂತೆ. ತುಂಬಬಾರದೆಂದು ಯಾರೂ ಹೇಳುವುದಿಲ್ಲ. ತುಂಬಿದ್ದು ಎಲ್ಲಿ ಆರಂಭವಾಗುತ್ತದೆ, ಎಲ್ಲಿ ಮುಗಿಯುತ್ತದೆ, ಯಾವ ಆಧಾರದಿಂದ ಎಂಬುದು ಕಾಣಬೇಕು. ಯುರೋಪಿನ ವಿದ್ವಾಂಸರು ೨೦೦೬ರಲ್ಲಿ ರೂಪಿಸಿ ೨೦೦೯ರಲ್ಲಿ ಪರಿಷ್ಕರಿಸಿದ ‘ಲಂಡನ್ ಚಾರ್ಟರ್’ ಎಂಬ ನಿಯಮಾವಳಿಯೂ ಇದನ್ನೇ ಕೇಳುತ್ತದೆ. ಗಣಕದಲ್ಲಿ ಕಟ್ಟಿದ ಪ್ರತಿಯೊಂದು ರೂಪದ ಹಿಂದೆಯೂ ಯಾವ ದಾಖಲೆ, ಯಾವ ತರ್ಕ, ಎಷ್ಟು ಊಹೆ ಇದೆಯೆಂಬುದನ್ನು ದಾಖಲಿಸಬೇಕೆಂದು ಅದರ ಆಶಯ. ನಮ್ಮ ಗ್ರಂಥಸಂಪಾದಕರಿಗೆ ಇದು ಹೊಸ ಮಾತೇನೂ ಅಲ್ಲ. ವಾಸ್ತುಶಿಲ್ಪಿ ಮತ್ತು ತಂತ್ರಾಂಶ ತಜ್ಞರು ಅಡಿಟಿಪ್ಪಣಿಯ ಅಗತ್ಯವನ್ನು ತಮ್ಮದೇ ದಾರಿಯಿಂದ ಕಂಡುಕೊಂಡಿದ್ದಾರೆ. ಕೊರತೆ ಇರುವುದು ಪ್ರದರ್ಶನದ ಹಂತದಲ್ಲಿ. ಸಂಶೋಧನ ಪ್ರಬಂಧದಲ್ಲಿ ಉಳಿದ ಸಂದೇಹವು ಪರದೆಗೆ ಬರುವ ಹೊತ್ತಿಗೆ ಒರೆಸಿಹೋಗುತ್ತದೆ. ಅಲ್ಲಿ ಉಳಿದ ಕಲ್ಲಿಗೂ ಊಹೆಯ ಕಲ್ಲಿಗೂ ಒಂದೇ ಬಣ್ಣ, ಒಂದೇ ಹೊಳಪು.

ಮೂರನೆಯದು ಬೆಂಗಳೂರಿನ ಮಿಥಿಕ್ ಸೊಸೈಟಿಯಲ್ಲಿ ಪಿ.ಎಲ್. ಉದಯಕುಮಾರರ ನೇತೃತ್ವದಲ್ಲಿ ೨೦೨೧ರಿಂದ ನಡೆದಿರುವ ಶಾಸನಗಳ ತ್ರಿಆಯಾಮ ಸಂರಕ್ಷಣೆಯ ಕೆಲಸ. ಬೆಂಗಳೂರಿನ ಸುತ್ತಿನ ಶಾಸನಕಲ್ಲುಗಳನ್ನು ಸ್ಕ್ಯಾನ್ ಮಾಡಿ ಅವುಗಳ ಮಾದರಿಗಳನ್ನು ಎಲ್ಲರಿಗೂ ಸಿಗುವಂತೆ ಇಡಲಾಗಿದೆ. ಸುಮಾರು ೭೫೦ರ ಕಾಲದ್ದೆಂದು ಹೇಳುವ ಹೆಬ್ಬಾಳದ ಕಿತ್ತಯ್ಯನ ವೀರಗಲ್ಲು ಬೆಂಗಳೂರಿನ ಈ ಶಾಸನಗಳಲ್ಲಿ ಹೆಸರಾದುದು. ಇದು ವಸ್ತುಸಂಗ್ರಹಾಲಯದ ಪ್ರದರ್ಶನವೆಂದು ಹೊರಟದ್ದಲ್ಲ. ಆದರೂ ಮೂರರಲ್ಲಿ ಚರಿತ್ರೆಯ ಸಂಗ್ರಹಾಲಯಕ್ಕೆ ಹೆಚ್ಚು ಪಾಠ ಹೇಳುವುದು ಇದೇ. ಶಾಸನ ಓದುವವರು ಮೊದಲಿನಿಂದಲೂ ಕಲ್ಲಿನ ಮೇಲೆ ಬೆಳಕನ್ನು ಪಕ್ಕದಿಂದ ಬೀಳಿಸಿ, ಕೋನ ಬದಲಿಸಿ, ಸವೆದ ಅಕ್ಷರದ ನೆರಳನ್ನು ಹಿಡಿದು ಓದಿದ್ದಾರೆ. ಒದ್ದೆ ಕಾಗದವನ್ನು ಕಲ್ಲಿಗೆ ಬಡಿದು ಶಾಯಿ ಸವರಿ ಪಡಿಯಚ್ಚು ತೆಗೆದಿದ್ದಾರೆ. ತ್ರಿಆಯಾಮದ ಮಾದರಿಯಲ್ಲಿ ಬೆಳಕನ್ನು ಸರಿಸುವವನು ಮಾಡುವುದೂ ಇದೇ ಕೆಲಸ. ಅವನ ಬೆರಳಿನ ಚಲನೆಗೂ ಅರಿವಿನ ಚಲನೆಗೂ ಇಲ್ಲಿ ನೇರವಾದ ಸಂಬಂಧವಿದೆ. ‘ಈ ಅಕ್ಷರ ‘ವ’ ಇರಬಹುದೆ, ‘ಮ’ ಇರಬಹುದೆ?’ ಎಂದು ಅವನು ತಡೆದು ನಿಂತ ಗಳಿಗೆಯಲ್ಲಿ ಶಾಸನತಜ್ಞನ ಕಷ್ಟವನ್ನು ಹಂಚಿಕೊಂಡಂತಾಗುತ್ತದೆ. ಸಂವಾದ ಎಂಬ ಪದ ಇಲ್ಲಿ ಸಾರ್ಥಕ.

೪

ಪಾಠದ ಪ್ರಾಮಾಣ್ಯದ ಜೊತೆಗೆ ಇನ್ನೆರಡು ವಿಷಯಗಳನ್ನು ವಿಮರ್ಶಕನು ಗಮನಿಸಬೇಕು.

ಮೊದಲನೆಯದು, ಓದುಗ ಯಾರು ಎಂಬುದು. ಪಾಶ್ಚಾತ್ಯ ದೇಶಗಳಲ್ಲಿ ರೂಪುಗೊಂಡ ಟಚ್ ಸ್ಕ್ರೀನ್ ಪ್ರದರ್ಶನವು ಒಬ್ಬಂಟಿ ನೋಡುಗನನ್ನು ಕಲ್ಪಿಸಿಕೊಳ್ಳುತ್ತದೆ. ಲಂಡನ್ನಿನ ಕಿಂಗ್ಸ್ ಕಾಲೇಜಿನ ಕ್ರಿಶ್ಚಿಯನ್ ಹೀತ್ ಮತ್ತು ಡರ್ಕ್ ಫೊಮ್ ಲೇನ್ ಅವರು ನೋಡುಗರ ವರ್ತನೆಯನ್ನು ಚಿತ್ರೀಕರಿಸಿ ಅಧ್ಯಯನ ಮಾಡಿ, ಇಂಥ ಯಂತ್ರಗಳ ಮುಂದೆ ಒಬ್ಬ ನಿರತನಾಗಿ ಜೊತೆಗಾರರು ಬರಿಯ ಪ್ರೇಕ್ಷಕರಾಗುವುದನ್ನೂ, ಯಂತ್ರದೊಡನೆ ವ್ಯವಹರಿಸುವುದನ್ನೇ ಸಂವಾದವೆಂದು ತಪ್ಪಾಗಿ ತಿಳಿಯಲಾಗುತ್ತಿರುವುದನ್ನೂ ತೋರಿಸಿದ್ದಾರೆ. ನಮ್ಮಲ್ಲಿ ಗುಡಿಗೂ ಕೋಟೆಗೂ ಜನ ಬರುವುದು ಸಂಸಾರವಂದಿಗರಾಗಿ, ಶಾಲೆಯ ತಂಡವಾಗಿ, ಯಾತ್ರೆಯ ಗುಂಪಾಗಿ. ಅಜ್ಜಿ ಹೇಳುವುದನ್ನು ಮೊಮ್ಮಗ ತಿದ್ದುವುದು, ಮೊಮ್ಮಗ ಓದಿದ್ದನ್ನು ಅಜ್ಜಿ ಒಪ್ಪದಿರುವುದು ಇವೇ ಅಲ್ಲಿನ ನಿಜವಾದ ಸಂವಾದ. ಇದು ನಮ್ಮ ಗಮಕ ಪರಂಪರೆಗೆ ಹತ್ತಿರ. ಒಬ್ಬ ವಾಚಿಸುತ್ತಾನೆ, ಇನ್ನೊಬ್ಬ ಅರ್ಥ ಹೇಳುತ್ತಾನೆ, ಕುಳಿತವರು ಪ್ರಶ್ನಿಸುತ್ತಾರೆ. ನಾಲ್ಕು ಜನ ಸುತ್ತ ನಿಲ್ಲಬಹುದಾದ ಒಂದು ಮೇಜು ಒಬ್ಬನೇ ತಲೆಗೆ ತೊಡುವ ಕನ್ನಡಕಕ್ಕಿಂತ ಈ ನಾಡಿಗೆ ಒಗ್ಗುವ ಸಾಧನ.

ಎರಡನೆಯದು, ಬಾಳಿಕೆ. ಇಂಗ್ಲೆಂಡಿನಲ್ಲಿ ೧೦೮೬ರ ‘ಡೂಮ್ಸ್‌ಡೇ’ ಭೂದಾಖಲೆಗೆ ೯೦೦ ವರ್ಷ ತುಂಬಿದಾಗ ಬಿಬಿಸಿ ಸಂಸ್ಥೆಯು ೧೯೮೬ರಲ್ಲಿ ಅದರ ಹೊಸ ಅವತಾರವನ್ನು ಲೇಸರ್ ಡಿಸ್ಕುಗಳಲ್ಲಿ ಹೊರತಂದಿತು. ಹದಿನೈದು ವರ್ಷ ಕಳೆಯುವಷ್ಟರಲ್ಲಿ ಅದನ್ನು ಓದುವ ಯಂತ್ರಗಳು ಅಪರೂಪವಾಗಿ, ಹಳೆಯ ಯಂತ್ರವನ್ನು ಅನುಕರಿಸುವ ತಂತ್ರಾಂಶವನ್ನು ಕಟ್ಟಿ ಕಾಪಾಡಬೇಕಾಯಿತು. ಚರ್ಮದ ಹಾಳೆಯ ಮೇಲಿನ ಮೂಲ ಮಾತ್ರ ಓದಲು ಬರುತ್ತಿತ್ತು. ನಮ್ಮ ಓಲೆಗರಿ ಉಳಿದುಬಂದದ್ದು ಯಾರೋ ಒಬ್ಬ ಲಿಪಿಕಾರ ಕಾಲಕಾಲಕ್ಕೆ ಪ್ರತಿ ಮಾಡಿದ್ದರಿಂದ. ಡಿಜಿಟಲ್ ಪ್ರದರ್ಶನಕ್ಕೂ ಅಂಥ ಲಿಪಿಕಾರ ಬೇಕು. ಉದ್ಘಾಟನೆಗೆ ಹಣ ಇಟ್ಟು ಮರುಪ್ರತಿಗೆ ಹಣ ಇಡದ ಯೋಜನೆಯನ್ನು ಅಪೂರ್ಣವೆಂದೇ ಎಣಿಸಬೇಕಾಗುತ್ತದೆ. ಇದರ ಜೊತೆಗೆ, ಪ್ರದರ್ಶನಕ್ಕೆ ಬಳಸಿದ ಪಾಠ, ಅನುವಾದ, ಆಧಾರಗಳು ಮುದ್ರಿತ ರೂಪದಲ್ಲಿಯೂ ಉಳಿಯಬೇಕು.

೫

ಮೇಲಿನ ವಿವೇಚನೆಯ ಬೆಳಕಿನಲ್ಲಿ ಸಿನ್ನರಿಗೆ ಮತ್ತೆ ಬರೋಣ. ಅಲ್ಲಿ ಸೇವುಣ ಚರಿತ್ರೆಗೆ ಒಂದು ಕೋಣೆ ಸಿಕ್ಕರೂ ಸಾಕು, ಮೂರು ಘಟಕಗಳು ಅದರಲ್ಲಿ ಹಿಡಿಸುತ್ತವೆ.

ಒಂದು, ಸಂಗಮನೇರ ತಾಮ್ರಪಟದ ಮೇಜು. ಹಲಗೆಯ ಚಿತ್ರದ ಮೇಲೆ ಬೆಳಕನ್ನು ಸರಿಸಬಹುದು. ಯಾವುದೇ ಸಾಲನ್ನು ಮುಟ್ಟಿದರೆ ಸಂಸ್ಕೃತ ಪಾಠ, ಮರಾಠಿ, ಕನ್ನಡ, ಹಿಂದಿ ಅನುವಾದಗಳು ಬರಬೇಕು. ಅದೇ ವಿಷಯದಲ್ಲಿ ಹೇಮಾದ್ರಿ ಹೇಳುವುದೇನು, ಭಾಂಡಾರಕರರು ಕಂಡದ್ದೇನು, ರಿತ್ತಿಯವರ ವಾದವೇನು, ಅದಕ್ಕೆ ಎದುರು ಮಾತೇನು ಎಂಬುದು ಪಕ್ಕಪಕ್ಕದಲ್ಲಿ ಕಾಣಬೇಕು. ಶ್ರೀನಗರವೋ ಚಂದ್ರಾದಿತ್ಯಪುರವೋ ಎಂದು ನೋಡುಗನೇ ತೂಗಿ ನೋಡಲಿ. ಯಂತ್ರವು ‘ಸರಿ’ ‘ತಪ್ಪು’ ಎಂದು ಅಂಕ ಕೊಡಬಾರದು.

ಎರಡು, ಗೊಂದೇಶ್ವರದ ಮಾದರಿ. ಉಳಿದ ಕಲ್ಲು, ಜೀರ್ಣೋದ್ಧಾರದ ಕಲ್ಲು, ಊಹೆಯಿಂದ ತುಂಬಿದ ಭಾಗ ಈ ಮೂರಕ್ಕೂ ಮೂರು ಬಣ್ಣ. ಊಹೆಯ ಭಾಗವನ್ನು ನೋಡುಗನು ತೆಗೆದುಹಾಕಬಲ್ಲವನಾಗಬೇಕು. ಇದು ಶಾಸನ ಪಾಠದ ಚೌಕ ಆವರಣಕ್ಕೆ ಸಮಾನವಾದ ಏರ್ಪಾಡು.

ಮೂರು, ಶಾಸನಗಳ ಭಾಷಾ ನಕ್ಷೆ. ಕಾಲದ ಪಟ್ಟಿಯನ್ನು ಸರಿಸಿದಂತೆ ಸೇವುಣರ ಸಂಸ್ಕೃತ, ಕನ್ನಡ, ಮರಾಠಿ ಶಾಸನಗಳು ದೊರೆತ ಸ್ಥಳಗಳು ನಕ್ಷೆಯ ಮೇಲೆ ಮೂಡಬೇಕು. ಈ ಘಟಕದಲ್ಲಿ ಎಚ್ಚರಿಕೆಯ ಒಂದು ಮಾತು ಅಗತ್ಯ. ಶಾಸನ ಹೆಚ್ಚು ದೊರೆತ ಸೀಮೆಯೆಂದರೆ ಹೆಚ್ಚು ಹುಡುಕಿದ, ಹೆಚ್ಚು ಪ್ರಕಟಿಸಿದ ಸೀಮೆಯೂ ಆಗಿರುತ್ತದೆ. ಮೈಸೂರು ಸೀಮೆಯಲ್ಲಿ ರೈಸ್ ಅವರು ೧೯ನೆಯ ಶತಮಾನದಲ್ಲಿಯೇ ನಡೆಸಿದಂಥ ವ್ಯಾಪಕ ಸಮೀಕ್ಷೆ ಎಲ್ಲೆಡೆಯೂ ಅದೇ ಕಾಲಕ್ಕೆ ನಡೆಯಲಿಲ್ಲ. ನಕ್ಷೆಯ ಖಾಲಿ ಜಾಗಕ್ಕೆ ಎರಡು ಅರ್ಥಗಳಿವೆಯೆಂಬುದನ್ನು ನಕ್ಷೆಯೇ ಹೇಳಬೇಕು.

ಕನ್ನಡಿಗರಾದ ನಾವು ಇಲ್ಲಿ ನಮ್ಮ ಪಕ್ಷವನ್ನೂ ಪರೀಕ್ಷೆಗೆ ಒಡ್ಡಬೇಕು. ‘ಕವಿರಾಜಮಾರ್ಗ’ವು ನಾಡಿನ ಬಡಗಣ ಗಡಿಯಾಗಿ ಗೋದಾವರಿಯನ್ನು ಹೇಳಿದ್ದು ನಮಗೆಲ್ಲ ಬಾಯಿಪಾಠ. ಸಿನ್ನರು ಗೋದಾವರಿಯ ದಕ್ಷಿಣಕ್ಕಿದೆ. ಈ ಎರಡು ಮಾತುಗಳನ್ನು ಜೋಡಿಸಿ ಪರದೆಯ ಮೇಲೆ ಹಳದಿ ಕೆಂಪು ಬಣ್ಣದ ನಕ್ಷೆಯನ್ನು ಬಿಡಿಸುವುದು ಸುಲಭ. ಆದರೆ ಸಿನ್ನರಿನ ಸುತ್ತಣ ಸೇವುಣರ ಆರಂಭದ ತಾಮ್ರಪಟಗಳು ಸಂಸ್ಕೃತದಲ್ಲಿವೆಯೆಂಬುದನ್ನೂ, ಕನ್ನಡ ಶಾಸನಗಳ ಸಮೃದ್ಧಿ ನಂತರದ ಕಾಲಕ್ಕೂ ದಕ್ಷಿಣದ ಸೀಮೆಗೂ ಸೇರಿದ್ದೆಂಬುದನ್ನೂ ಮುಚ್ಚಿಟ್ಟು ಮಾಡಿದ ನಕ್ಷೆ ಹೇಮಾದ್ರಿಯ ದ್ವಾರಕೆಗಿಂತ ಹೆಚ್ಚು ಪ್ರಾಮಾಣಿಕವಾಗಲಾರದು. ಅದರಂತೆಯೇ, ದೇವಗಿರಿಯ ಅರಸರ ಕನ್ನಡ ಶಾಸನಗಳನ್ನು ‘ದಕ್ಷಿಣದ ಪ್ರಜೆಗಳ ಅನುಕೂಲಕ್ಕಾಗಿ’ ಎಂಬ ಒಂದೇ ವಾಕ್ಯದಲ್ಲಿ ತಳ್ಳಿಹಾಕುವ ಮರಾಠಿ ಫಲಕವೂ ಒಪ್ಪತಕ್ಕದ್ದಲ್ಲ. ಎರಡೂ ಕಡೆಯ ಪಾಠಗಳು ಒಂದೇ ಮೇಜಿನ ಮೇಲೆ ಕಾಣುವಂತಾದರೆ ಮುಚ್ಚಿಡುವ ಪ್ರಲೋಭನೆ ತಾನಾಗಿ ಕಡಿಮೆಯಾಗುತ್ತದೆ.

ಈ ಕೆಲಸಕ್ಕೆ ಬೇಕಾದ ತಂತ್ರಜ್ಞಾನ ಇಂದು ದುರ್ಲಭವಲ್ಲ. ದುರ್ಲಭವಾದುದು ಹಳಗನ್ನಡ, ಸಂಸ್ಕೃತ, ಹಳೆಯ ಮರಾಠಿ ಮೂರನ್ನೂ ಓದಬಲ್ಲ, ಮೂರರ ವಿದ್ವತ್ತಿಗೂ ಋಣಿಯಾದ ಸಂಪಾದಕ. ರಾಜ್ಯದೊಳಗಿನ ನಮ್ಮ ವಿಭಾಗಗಳಲ್ಲಿ ಮರಾಠಿ ಓದಬಲ್ಲವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಮುಂಬಯಿ, ಪುಣೆ, ಸೊಲ್ಲಾಪುರ, ಹೈದರಾಬಾದು, ದಿಲ್ಲಿಗಳಲ್ಲಿ ಕುಳಿತು ಕನ್ನಡ ಸಂಶೋಧನೆ ನಡೆಸುತ್ತಿರುವವರು ನಿತ್ಯವೂ ಎರಡು ಭಾಷೆಗಳ ನಡುವೆ ಬದುಕುವುದರಿಂದ ಈ ಹೊಣೆ ಅವರ ಕಡೆಗೆ ಸಹಜವಾಗಿ ಸರಿಯುತ್ತದೆ. ಮೊದಲ ಹೆಜ್ಜೆಗೆ ಯಂತ್ರವೂ ಬೇಡ, ಕಟ್ಟಡವೂ ಬೇಡ. ಸೇವುಣರ ಆರಂಭಕಾಲದ ತಾಮ್ರಪಟಗಳ ಪಾಠ, ಪಾಠಾಂತರ, ಕನ್ನಡ ಮತ್ತು ಮರಾಠಿ ಅನುವಾದಗಳನ್ನು ಒಂದೆಡೆ ಕೂಡಿಸಿದ ಒಂದು ಕಿರು ಸಂಪುಟ ಸಿದ್ಧವಾದರೆ ಸಾಕು. ಪರದೆ ಎಂದಾದರೂ ಬರಲಿ, ಅದರ ಮೇಲೆ ಏನಿರಬೇಕೆಂಬುದು ಅಷ್ಟರೊಳಗೆ ನಿರ್ಣಯವಾಗಿರುತ್ತದೆ.